ಕೂಗದ ಅಲಾರಂ: ಕಂತು ಒಂಬತ್ತು

"ನಾನ ಬಂದ್ ಮಾಡೇನ್ರಿ. ನಾಳೆ ಜಡ್ಜ್ ಸಾಹೇಬ್ರ ಮುಂದ ನಿಂತು ಇದನ್ನ ಹೇಳಾಂವ."

ಹಾವೇರಿ ಜೇಲಿನ ಕಂಬಿಯ ಆಚೆ ನಿಂತಿದ್ದ ಚನ್ನೇಶ ಇಷ್ಟು ಹೇಳಿ, ಇನ್ನು ತನ್ನದೇನೂ ಉಳಿದಿಲ್ಲವೆಂಬಂತೆ ಗೋಡೆ ನೋಡತೊಡಗಿದ. ಕಂಬಿಯ ಈಚೆ ನಿಂತಿದ್ದ ಪತ್ತೇದಾರ ಕೊಟ್ರೇಶ ಇನ್ನಷ್ಟು ಹತ್ತಿರ ಸರಿದ.

ಪೊಲೀಸ್ ಕೆಲಸ ಬಿಟ್ಟು ಸ್ವಂತ ಪತ್ತೇದಾರಿಕೆಗೆ ಇಳಿದ ಮೇಲೆ, ಸುಳ್ಳು ಹೇಳಿ ಪಾರಾಗಲು ನೋಡುವವರನ್ನು ಅವನು ಬೇಕಾದಷ್ಟು ಕಂಡಿದ್ದ. ಪಾರು ಮಾಡಲು ಬಂದವನ ಮುಂದೆಯೇ ಕೊರಳು ಚಾಚಿ ನಿಲ್ಲುವವನನ್ನು ಕಂಡಿರಲಿಲ್ಲ.

ಹಿಂದಿನ ತಿಂಗಳು ಅವರಾತ್ರಿ ಅಮಾವಾಸ್ಯೆಯ ಮರುದಿನ ಬ್ಯಾಡಗಿಯ ವಿರೂಪಾಕ್ಷಪ್ಪನವರ ಕೋಲ್ಡ್ ಸ್ಟೋರೇಜಿನಲ್ಲಿ ಅಮೋನಿಯಾ ಗ್ಯಾಸು ಸೋರಿತ್ತು, ಅಲಾರಂ ಕೂಗಿರಲಿಲ್ಲ, ಒಳಗೆ ಮೆಣಸಿನಕಾಯಿ ಚೀಲ ಜೋಡಿಸುತ್ತಿದ್ದ ಹಮಾಲ ದುರಗಪ್ಪ ಹೆಣವಾಗಿ ಹೊರಬಂದಿದ್ದ. ಅಲಾರಂ ಬಂದ್ ಮಾಡಿದವನು ಆಪರೇಟರ್ ಚನ್ನೇಶ ಎಂದು ಅಲ್ಲಿನ ಕಂಪ್ಯೂಟರೇ ಹೆಸರು ಹಿಡಿದು ಹೇಳಿತ್ತು. ಹಿಂದಿನ ವಾರ ಇಬ್ಬರೂ ಯಾವುದೋ ಮಾತಿಗೆ ಮಾತು ಬೆಳೆಸಿ ಜಗಳಾಡಿದ್ದನ್ನು ಹಮಾಲರ ಓಣಿಯೆಲ್ಲ ಕೇಳಿತ್ತು. ಪೊಲೀಸರಿಗೆ ಅಷ್ಟು ಸಾಕಾಯಿತು.

"ಯಾಕ ಬಂದ್ ಮಾಡಿದಿ?" ಕೊಟ್ರೇಶ ಕೇಳಿದ.

"ಮಾಡೇನ್ರಿ."

"ಯಾಕಂತ ಕೇಳೇನಿ."

"ಕಂಪ್ಯೂಟರ್ ಹೇಳ್ತೈತೆಲ್ರಿ ನನ್ನ ಹೆಸರು? ಅದಕ್ಕ ನನ್ನ ಮ್ಯಾಲೆ ಏನು ಹಗೀತನ ಐತಿ?"

ಪಕ್ಕದಲ್ಲಿದ್ದ ಅವನ ಹೆಂಡತಿ ಶೀಲಾ ಕಂಬಿ ಹಿಡಿದುಕೊಂಡಳು. "ದುರಗಪ್ಪಣ್ಣನ ಜೋಡಿ ಒಂದ ಬುತ್ತಿಯೊಳಗ ಉಂಡಾವ್ರು ನೀವು. ನೀವು ಅವನ್ನ ಕೊಲ್ತೀರೇನು? ಯಾಕ ಹಿಂಗ ಮಾತಾಡ್ತೀರಿ? ಮನಿಯಾಗ ನಾವು ಹೆಂಗ ಇರೂಣು?"

ಚನ್ನೇಶ ಅವಳ ಕಡೆ ತಿರುಗಿದ. ದನಿ ಇಳಿಸಿ ಕೇಳಿದ: "ಜಗಲಿ ಮ್ಯಾಲಿಂದು ಮಾಡಿದಿ?"

"ಒಂದು ಕಡೆ ಆತ್ರಿ. ಇನ್ನೊಂದು ಕಡೆ ಅತ್ತಿ ಇವತ್ತು ಮಾಡಸ್ತಾಳ."

ಅವನ ಮುಖ ತುಸು ಸಡಿಲಾಯಿತು. ದೇವರ ಜಗಲಿಯ ಮೇಲಿನ ಯಾವುದೋ ಹರಕೆಯ ಮಾತಿರಬೇಕೆಂದು ಕೊಟ್ರೇಶ ಅದನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಅಂದು ಶಿವರಾತ್ರಿ ಅಮಾವಾಸ್ಯೆ. ಹರಕೆ ತೀರಿಸದ ಮನೆ ಯಾವುದಿದ್ದೀತು?

"ಆ ದಿನ ಮುಂಜಾನಿ ಕಂಪ್ಯೂಟರ್ ಚಾಲೂ ಮಾಡಿದಾವ ನೀನ?"

"ಹೌದ್ರಿ. ಹಿಂದಿನ ದಿನ ಅಮಾಸಿ ಪೂಜಿಗೆ ಬಂದ್ ಮಾಡಿದ್ವೆಲ್ರಿ."

"ಬಂದ್ ಮಾಡಿದ್ರ ಮೆಣಸಿನಕಾಯಿ ಕೆಡಂಗಿಲ್ಲೇನು?"

"ಥಂಡಿ ಮಾಡೋ ಮಶೀನ್ ಬಂದ್ ಮಾಡಂಗಿಲ್ರಿ. ಕಂಪ್ಯೂಟರಿಗಷ್ಟ ಒಂದು ರಾತ್ರಿ ರಜಾ. ಮೊದಲ ಚಾಲೂ ಇಟ್ಟ ಪೂಜಿ ಮಾಡ್ತಿದ್ವಿ. ಹೋದ ವರ್ಷ ಕಾಯಿ ಒಡದಾಗ ನೀರು ಕೀಬೋರ್ಡ್ ಮ್ಯಾಲೆ ಬಿದ್ದು ಚಟ್ ಅಂತು, ಹಮಾಲರು ಹೆದರಿ ಓಡಿದ್ರು. ಅಲ್ಲಿಂದ ಬಂದ್ ಮಾಡೇ ಕಾಯಿ ಒಡೀತೀವಿ."

ಬೇರೆ ದಿನವಾಗಿದ್ದರೆ ಕೊಟ್ರೇಶ ನಗುತ್ತಿದ್ದ. ವೇಳೆ ಮುಗಿಯಿತೆಂದು ಜೇಲಿನವನು ಬಂದು ಚನ್ನೇಶನ ತೋಳು ಹಿಡಿದ. ನಾಲ್ಕು ಹೆಜ್ಜೆ ಹೋದವನು ತಿರುಗಿ ನಿಂತ.

"ದುರಗಪ್ಪ ಒಳಗಿಂದ ಬಾಗಲಾ ಬಡದದ್ದು ನನಗ ಕೇಳ್ಸಿತ್ರಿ, ಸಾಹೇಬ್ರ. ಚೀಲಾ ಒಗ್ಯಾಕತ್ತಾನಂತ ತಿಳಕೊಂಡು ಚಾ ಕುಡಕೋತ ಕುಂತೆ."

ಅವನು ಹೋದ ಮೇಲೂ ಶೀಲಾ ಕಂಬಿ ಬಿಡಲಿಲ್ಲ. ಕೊಟ್ರೇಶ ಅವಳನ್ನು ಕೈಹಿಡಿದು ಹೊರಗೆ ಕರೆತರಬೇಕಾಯಿತು.

ಆ ಕಂಪ್ಯೂಟರಿನ ಪ್ರೋಗ್ರಾಮು ಮಾಡಿದವನನ್ನು ಕಾಣಲೆಂದು ಇಬ್ಬರೂ ರಾಣೆಬೆನ್ನೂರಿನ ಬಸ್ಸು ಹತ್ತಿದರು. ಕೊಟ್ರೇಶ ಬಾಯಿಗೊಂದು ಲವಂಗ ಹಾಕಿಕೊಂಡ. ತಲೆ ಓಡದಿದ್ದಾಗ ಅವನಿಗೆ ಲವಂಗವೇ ಗತಿ. ಈ ಕೇಸು ಹಿಡಿದಾಗಿನಿಂದ ಅವನ ಓಣಿಯ ಕಿರಾಣಿ ಅಂಗಡಿಗೆ ಒಳ್ಳೆಯ ವ್ಯಾಪಾರ.

"ಅತ್ತಿಗೆ ಊಟ ಸೇರವಲ್ದು ಅಣ್ಣಾರ," ಕಿಟಕಿಯ ಕಡೆ ಮುಖ ಮಾಡಿಯೇ ಶೀಲಾ ಅಂದಳು. "ಈಗ ಚಾಂದಸಾಬರ ಕೋಲ್ಡ್ ಸ್ಟೋರೇಜಿಗೆ ಹೊಂಟಾಳ, ಮೆಣಸಿನಕಾಯಿ ತೊಟ್ಟು ಬಿಡಸಾಕ. ದುರಗಪ್ಪಣ್ಣನ ಹೇಣ್ತಿ ಮಂಗಳವ್ವನೂ ಅಲ್ಲೇ ಬರ್ತಾಳ. ಮಗ್ಗಲಕ್ಕ ಕುಂತ್ರೂ ಒಂದು ಮಾತಿಲ್ಲ. 'ನಿನ್ನ ಮಗ ನನ್ನ ಹಣೀ ಕುಂಕುಮ ಅಳಿಸಿದ' ಅಂತ ಒಮ್ಮೆ ಅಂದ್ಳಂತ. ಅತ್ತಿ ಸುಮ್ನ ಕೇಳಿಸಿಗೊಂಡು ಬಂದ್ಳು."

ಕೊಟ್ರೇಶ ಹೂಂಗುಟ್ಟಿದ. ಅವನ ತಲೆ ಬೇರೆಲ್ಲೋ ಇತ್ತು. ಚನ್ನೇಶ ಕಂಪ್ಯೂಟರ್ ಚಾಲೂ ಮಾಡಿ ತನ್ನ ಹೆಸರು ಒತ್ತಿದ ಗಳಿಗೆ ಮತ್ತು ಅಲಾರಂ ಬಂದ್ ಆದ ಗಳಿಗೆ, ಎರಡೂ ಒಂದೇ ಎಂದು ಪೊಲೀಸರ ದಾಖಲೆಯೇ ಹೇಳುತ್ತಿತ್ತು. ಬೆಳಿಗ್ಗೆ ಅಂಗಡಿ ತೆಗೆದವನು ಒಳಗೆ ಕಾಲಿಡುವ ಮೊದಲೇ ದೀಪ ಆರಿಸುತ್ತಾನೆಯೇ? ಪರದೆ ಪೂರ್ತಿ ಮೂಡುವ ಮೊದಲೇ ಚನ್ನೇಶ ಗುಂಡಿ ಹುಡುಕಿ ಒತ್ತಿದನೇ?

ಯಾರೂ ಏನೂ ಒತ್ತದೆಯೇ ಅಲಾರಂ ಬಂದ್ ಆಗಿದ್ದರೆ?

ಮೋಟೆಬೆನ್ನೂರು ದಾಟುವ ಹೊತ್ತಿಗೆ ಅವನು ಲವಂಗ ಕಚ್ಚಿ ಪುಡಿ ಮಾಡಿದ್ದ.

*

ಆ ಕಂಪ್ಯೂಟರಿನ ಪ್ರೋಗ್ರಾಮಿನ ಹೆಸರು 'ಶೀತಲ'. ಅದನ್ನು ಮಾಡಿ ಮಾರುವ ಸುನೀಲಕುಮಾರನ ಆಫೀಸು ರಾಣೆಬೆನ್ನೂರಿನ ಸ್ಟೇಷನ್ ರಸ್ತೆಯಲ್ಲಿ, ಬೀಜದಂಗಡಿಯ ಮೇಲಿನ ಮಹಡಿಯಲ್ಲಿ. ಗಂಡ ಹೆಂಡತಿ ಇಬ್ಬರೇ ಸೇರಿ ಕಟ್ಟಿದ ಕಂಪನಿ. ಶೀಲಾಳನ್ನು ಬೀಜದಂಗಡಿಯ ಬೆಂಚಿನ ಮೇಲೆ ಕೂಡಿಸಿ ಕೊಟ್ರೇಶ ಒಬ್ಬನೇ ಮೆಟ್ಟಿಲು ಹತ್ತಿದ.

ಅವನನ್ನು ಕಂಡದ್ದೇ ಸುನೀಲಕುಮಾರ ವ್ಯಾನಿನ ಕೀಲಿ ಕೈಗೆತ್ತಿಕೊಂಡ.

"ನಾ ಹೊರಗ ಹೊಂಟಿದ್ದೆ, ಕೊಟ್ರೇಶಪ್ಪನವರ."

"ಹೋಗೀರಂತ. ಕುಂದ್ರಿ." ಕೊಟ್ರೇಶ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಎಳೆದುಕೊಂಡು ಕುಳಿತ. "ಒಂದ ಮಾತು. ನಿಮ್ಮ ಶೀತಲ ಇರೋ ಕಂಪ್ಯೂಟರ್ ಬಂದ್ ಮಾಡಿ ಮತ್ತ ಚಾಲೂ ಮಾಡಿದ್ರ ಅಲಾರಂ ಏನಾಕ್ಕೈತಿ?"

"ಏನಾಗಂಗಿಲ್ಲ. ಹೆಂಗಿತ್ತು ಹಂಗ ಇರ್ತೈತಿ."

"ಹಳೇ ಶೀತಲದಾಗ?"

ಸುನೀಲಕುಮಾರ ಕೀಲಿಯನ್ನು ಮೇಜಿನ ಮೇಲಿಟ್ಟ, ಮತ್ತೆ ಎತ್ತಿಕೊಂಡ. "ಹಳೇದರ ಸುದ್ದಿ ನಾ ಬಿಟ್ಟೇನ್ರಿ. ಈಗ ನಡ್ಯಾಕತ್ತಿದ್ದು ಶೀತಲ ಮೂರು. ಹಳೇ ಎರಡನೇದು ಉಳದದ್ದು ಬ್ಯಾಡಗಿಯೊಳಗ ಎರಡ ಕಡೆ. ವಿರೂಪಾಕ್ಷಪ್ಪನವರದು, ಚಾಂದಸಾಬರದು. ಉಳದಾವ್ರೆಲ್ಲಾ ಹೊಸಾದು ತಗೊಂಡ್ರು."

ಅವನ ಬೆನ್ನ ಹಿಂದೆ ಕಂಪನಿಯ ಕ್ಯಾಲೆಂಡರು ತೂಗುತ್ತಿತ್ತು. ಇಂಥದೇ ಕ್ಯಾಲೆಂಡರು ವಿರೂಪಾಕ್ಷಪ್ಪನವರ ಆಫೀಸಿನಲ್ಲೂ ಇದ್ದದ್ದು ಕೊಟ್ರೇಶನಿಗೆ ನೆನಪಾಯಿತು. ಅಮಾವಾಸ್ಯೆ ಯಾವತ್ತು ಎಂದು ನೋಡಲು ಎಲ್ಲರೂ ಅದರ ಕಡೆ ಕಣ್ಣು ಹಾಯಿಸುತ್ತಿದ್ದರು. ಅಡಿಯ ಜಾಹೀರಾತನ್ನು ಯಾರೂ ಓದಿರಲಿಲ್ಲ, ಪತ್ತೇದಾರನೂ ಸೇರಿ. ಈಗ ಓದಿದ.

'ಶೀತಲ ಮೂರು. ಕಂಪ್ಯೂಟರ್ ಬಂದ್ ಮಾಡಿ ಚಾಲೂ ಮಾಡಿದರೂ ಅಲಾರಂ ಮರೆಯದು.'

ಕೊಟ್ರೇಶ ಎದ್ದು ಹೋಗಿ ಆ ಸಾಲಿನ ಮೇಲೆ ಬೆರಳಿಟ್ಟ.

"ಹೊಸಾದು ಮರೆಯಂಗಿಲ್ಲ ಅಂತ ಊರ ಮಂದಿಗೆ ಡಂಗುರಾ ಹೊಡದೀರಿ. ಹಳೇದು ಮರೀತೈತಿ ಅಂತ ಯಾರಿಗೆ ಹೇಳಿದ್ರಿ?"

ಸುನೀಲಕುಮಾರ ತಿರುಗಿ ಆ ಸಾಲನ್ನು ನೋಡಿದ. ಆಮೇಲೆ ಕುಸಿದಂತೆ ಕುಳಿತ.

"ಪರದೀ ಮ್ಯಾಲೆ ಹಸರು ದೀಪ ಇರ್ತೈತ್ರಿ. ಅಲಾರಂ ಚಾಲೂ ಐತಿ ಅಂತ ತೋರಸ್ತೈತಿ. ಒಳಗ ಬಂದ್ ಆಗಿರ್ತೈತಿ. ಮೊದಲ ಯಾರು ಹೆಸರು ಹಾಕಿ ಒಳಗ ಬರ್ತಾರ, ಬಂದ್ ಮಾಡಿದಾವ ಅವನ ಅಂತ ಬರ್ಕೊಂಡು ಬಿಡ್ತೈತಿ. ನಮ್ಮ ತಪ್ಪ ಅದು. ಹೊಸಾದು ಮಾಡೋವಾಗ ಗೊತ್ತಾತು."

"ಗೊತ್ತಾದ ಮ್ಯಾಲೆ ಸುಮ್ನ ಕುಂತ್ರಿ."

"ಸುಮ್ನ ಕುಂದ್ರದ ಏನು ಮಾಡ್ಲಿ?" ಅವನ ದನಿ ಏರಿತು. "ಕರೆಂಟ್ ಹೋದ್ರೂ ಆರದಂಗ ಬ್ಯಾಟರಿ ಕೂಡಿಸಿ ಕೊಟ್ಟೇನಿ. ಅಂಥಾ ಕಂಪ್ಯೂಟರ್ ಯಾರು ಬಂದ್ ಮಾಡ್ತಾರ? ಗುಂಟೂರಾಗ ಮಾಡಂಗಿಲ್ಲ, ಬಳ್ಳಾರ್‍ಯಾಗ ಮಾಡಂಗಿಲ್ಲ. ಅಮಾಸಿಗೊಮ್ಮೆ ಬಂದ್ ಮಾಡಿ ಕಾಯಿ ಒಡೀತಾರಂತ ನನಗೇನು ಕನಸು ಬಿದ್ದಿತ್ತೇನು? 'ಹೊಸಾದು ತಗೋರಿ' ಅಂತ ವಿರೂಪಾಕ್ಷಪ್ಪನವರ ಮನೀಗೆ ಎಡತಾಕೇನಿ. 'ಇದ ಚಂದಂಗ ನಡ್ಯಾಕತ್ತೈತಿ, ಹೊಸಾದ್ಯಾಕ' ಅಂದ್ರು. ಹಳೇದನ್ನ ತಿದ್ದಕೋತ ಕುಂತ್ರ ಹೊಸಾದು ಯಾರು ಕೊಳ್ತಾರ? ಇಬ್ರ ಕೈಯಾಗ ನಡ್ಯೋ ಕಂಪನಿರಿ ಇದು. ಹಳೇ ಟ್ರ್ಯಾಕ್ಟರಿಗೆ ಹೊಸ ಟಾಯರ್ ಪುಕ್ಕಟೆ ಹಾಕಿ ಕೊಡ್ತಾರೇನು?"

"ಟಾಯರಿನ ಮಾತಲ್ಲ ಇದು. ಬ್ರೇಕ್ ಹಿಡಿಯಂಗಿಲ್ಲ ಅಂತ ಗೊತ್ತಾದ್ರ ಹೇಳ್ತಾರಿಲ್ಲೊ?" ಕೊಟ್ರೇಶ ನೆಲಕ್ಕೆ ಬೆರಳು ಮಾಡಿದ. "ಕೆಳಗ ಬೀಜ ಮಾರ್ತಾರ. ಹೋದ ವರ್ಷ ಮಾರಿದ್ದು ಮೊಳಕಿ ಒಡಿಯಂಗಿಲ್ಲ ಅಂತ ತಿಳದಮ್ಯಾಲೆ, 'ಹೊಸ ತಳಿ ಬಂದೈತಿ, ಹಳೇದರ ಸುದ್ದಿ ಬಿಟ್ಟೇವಿ' ಅಂತಾರೇನು? ಅಂದ್ರ ರೈತರು ಅಂಗಡಿ ಇಡಗೊಡ್ತಾರೇನು?"

ಸುನೀಲಕುಮಾರ ಕೈಯಲ್ಲಿದ್ದ ಕೀಲಿಯನ್ನು ಮೇಜಿನ ಮೇಲೆ ಹಾಕಿದ.

"ತಿದ್ದಿ ಕೊಡೂದು ದೂರ ಉಳೀತು. 'ಬಂದ್ ಮಾಡಬ್ಯಾಡ್ರಪಾ' ಅಂತ ಒಂದು ಫೋನ್ ಮಾಡಿದ್ರ ದುರಗಪ್ಪ ಬದುಕ್ತಿದ್ದ. ಕೆಳಗ ಬೆಂಚಿನ ಮ್ಯಾಲೆ ಚನ್ನೇಶನ ಹೇಣ್ತಿ ಕುಂತಾಳ. ನಾಳೆ ಅಕಿ ಗಂಡ ಮಾಡಲಾರದ್ದನ್ನ ಮಾಡೇನಿ ಅಂತ ಒಪ್ಪಿಗೊಳ್ಳಾವ ಅದಾನ. ಕೆಳಗ ಇಳದು, ಹಳೇದರ ಸುದ್ದಿ ನಾ ಬಿಟ್ಟೇನಿ ಅಂತ ಅಕಿ ಮುಂದ ಹೇಳಿ ಬರ್ರಿ. ನಾ ಇಲ್ಲೇ ಕುಂದರ್ತೇನಿ."

ಬೀದಿಯಲ್ಲಿ ಆಟೋದವನೊಬ್ಬ ಹಾರ್ನ್ ಒತ್ತುತ್ತಲೇ ಇದ್ದ. ಸುನೀಲಕುಮಾರ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವನು ಕೆಟ್ಟವನಲ್ಲ ಎಂಬುದು ಕೊಟ್ರೇಶನಿಗೆ ಆಗಲೇ ಹೊಳೆದದ್ದು. ಕೆಟ್ಟವನಾಗಿದ್ದರೆ ಬೈದು ಕೈ ತೊಳೆದುಕೊಳ್ಳಬಹುದಿತ್ತು.

"ನಾ ಬರ್ತೇನಿ," ಸುನೀಲಕುಮಾರ ಅಂದ. "ಬ್ಯಾಡಗಿಗೆ ಹೋಗೋಣ. ಇನ್ಸ್‌ಪೆಕ್ಟರಿಗೆ ಬರಾಕ ಹೇಳ್ರಿ. ಅವರ ಮುಂದ ಬಂದ್ ಮಾಡಿ ಚಾಲೂ ಮಾಡಿ ತೋರಸ್ತೇನಿ. ನನಗೂ ನಿದ್ದಿ ಬಂದಿಲ್ರಿ ಆ ದಿನದಿಂದ."

*

ವ್ಯಾನಿನಲ್ಲಿ ಕೊಟ್ರೇಶ ಎಲ್ಲವನ್ನೂ ಶೀಲಾಳಿಗೆ ಬಿಡಿಸಿ ಹೇಳಿದ. ಆ ಹಳೆಯ ಕಂಪ್ಯೂಟರೇ ಈಗ ಚನ್ನೇಶನ ಸಾಕ್ಷಿ. ಅದು ಇನ್ಸ್‌ಪೆಕ್ಟರ ಕಣ್ಣೆದುರಿಗೆ ಒಮ್ಮೆ ತಪ್ಪು ಮಾಡಿದರೆ ಸಾಕು, ಚನ್ನೇಶ ಮನೆಗೆ ಬಂದ ಹಾಗೆ.

ಶೀಲಾಳ ಮುಖದ ಬಣ್ಣ ಇಳಿದುಹೋಯಿತು. ಸಂತೋಷದ ಗಾಬರಿಯಿರಬೇಕೆಂದು ಕೊಟ್ರೇಶ ತಿಳಿದ. ಜಾಣರಿಗೂ ಇಂಥ ದಡ್ಡತನ ಬರುವುದುಂಟು.

ಸ್ವಲ್ಪ ಹೊತ್ತಿನ ಮೇಲೆ ಅವಳು ಮೆಲ್ಲಗೆ ಕೇಳಿದಳು: "ಮೊದಲ ಚಾಂದಸಾಬರ ಕಡೆ ಹೋಗೋಣೇನ್ರಿ, ಅಣ್ಣಾರ?"

"ಅಲ್ಯಾಕ ತಂಗಿ? ಇನ್ಸ್‌ಪೆಕ್ಟರ್ ವಿರೂಪಾಕ್ಷಪ್ಪನವರ ಕಡೆ ಕಾಯಾಕತ್ತಾರ."

"ಹಂಗಾದ್ರ ಲಗೂ ಹೊಡೀರಿ," ಅಂದಳು. ಬ್ಯಾಡಗಿ ಬರುವವರೆಗೂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಲೇ ಇದ್ದಳು.

ಸುಗ್ಗಿಯ ಬ್ಯಾಡಗಿ. ಊರು ಇನ್ನೂ ದೂರ ಇರುವಾಗಲೇ ಮೆಣಸಿನಕಾಯಿ ಘಾಟು ವ್ಯಾನಿನೊಳಗೆ ಬಂತು. ಹುಟ್ಟಿದಾಗಿನಿಂದ ಈ ಸೀಮೆಯಲ್ಲೇ ಇದ್ದರೂ ಕೊಟ್ರೇಶನಿಗೆ ಅದು ಒಗ್ಗಿರಲಿಲ್ಲ. ಸೀನುತ್ತಲೇ ಇಳಿದ, ಸೀನುತ್ತಲೇ ಇನ್ಸ್‌ಪೆಕ್ಟರಿಗೆ ಕೈ ಮುಗಿದ.

ವಿರೂಪಾಕ್ಷಪ್ಪನವರ ಆಫೀಸಿನಲ್ಲಿ ಕಂಪ್ಯೂಟರು ಎಂದಿನಂತೆ ನಡೆಯುತ್ತಿತ್ತು. ಒಳಗೆ ಊರಿನವರ ಮೆಣಸಿನಕಾಯಿಯೆಲ್ಲ ತುಂಬಿದ್ದರಿಂದ ಪೊಲೀಸರು ತಮಗೆ ಬೇಕಾದ ದಾಖಲೆ ತೆಗೆದುಕೊಂಡು ಯಂತ್ರವನ್ನು ಅಲ್ಲೇ ಬಿಟ್ಟುಹೋಗಿದ್ದರು. ಪರದೆಯ ಮೇಲೆ ಹಸಿರು ದೀಪ ಇತ್ತು.

"ಬಂದ್ ಮಾಡ್ರಿ," ಇನ್ಸ್‌ಪೆಕ್ಟರ್ ಅಂದ.

ಸುನೀಲಕುಮಾರ ಬಂದ್ ಮಾಡಿದ, ಚಾಲೂ ಮಾಡಿದ, ತನ್ನ ಹೆಸರು ಒತ್ತಿದ. ಹಸಿರು ದೀಪ ಮತ್ತೆ ಮೂಡಿತು. ಅಮೋನಿಯಾದಲ್ಲಿ ಅದ್ದಿದ ಬಟ್ಟೆಯನ್ನು ಕೋಲಿಗೆ ಸಿಕ್ಕಿಸಿ, ಗ್ಯಾಸು ಮೂಸುವ ಪೆಟ್ಟಿಗೆಯ ಹತ್ತಿರ ಹಿಡಿದ.

"ಈಗ ಕೂಗಬೇಕ್ರಿ. ಕೂಗಂಗಿಲ್ಲ. ನೋಡ್ರಿ ಬೇಕಾರ."

ಅಲಾರಂ ಕೂಗಿತು.

ಮಾಡಿನ ತಗಡು ನಡುಗುವ ಹಾಗೆ ಕೂಗಿತು. ಹೊರಗೆ ತೊಟ್ಟು ಬಿಡಿಸುತ್ತಿದ್ದ ಹೆಂಗಸರು ಮೊರ ಬಿಸಾಕಿ ಬಯಲಿಗೆ ಓಡಿದರು. ಸುನೀಲಕುಮಾರ ಕೋಲು ಹಿಡಿದು ಹಾಗೇ ನಿಂತಿದ್ದ. ಕೊಟ್ರೇಶನಿಗೆ ಸೀನು ಕೂಡ ನಿಂತುಹೋಯಿತು.

ಅಲಾರಂ ಆರಿಸಿದ ಮೇಲೆ ಇನ್ಸ್‌ಪೆಕ್ಟರ್ ನಕ್ಕ. "ಚಂದಂಗ ಕೂಗ್ತಲ್ಲೊ, ಕೊಟ್ರೇಶ. ಚನ್ನೇಶನೂ ಬಂದ್ ಮಾಡದ ಬಿಟ್ಟಿದ್ರ ಅವತ್ತೂ ಹಿಂಗ ಕೂಗ್ತಿತ್ತು."

"ಇಲ್ರಿ, ಇದು ನಾ ಕೊಟ್ಟ ಶೀತಲ ಅಲ್ಲ!" ಸುನೀಲಕುಮಾರ ಕೀಲಿಮಣೆಯ ಮೇಲೆ ಬಾಗಿದ. "ಯಾರೋ ತಿದ್ದ್ಯಾರ. ಹೋದ ಸೋಮವಾರ ತಿದ್ದ್ಯಾರ. ಅದಕ್ಕ ಮೊದಲ ಕೂಗ್ತಿದ್ದಿಲ್ರಿ, ಆಣಿ ಮಾಡಿ ಹೇಳ್ತೇನಿ. ಬೇಕಾರ ನನ್ನ ಆಫೀಸಿನಾಗ ಹಳೇದು ಐತಿ, ಅದರಾಗ ತೋರಸ್ತೇನಿ."

"ನೀ ಮಾಡಿದ್ದು, ನಿನ್ನ ಮಶೀನು, ನೀನ ತೋರಸಾವ. ಕೋರ್ಟಿನಾಗ ಯಾರು ನಂಬತಾರ? ಮಂದಿ ದಿನಾ ವಾಪರಸೋ ಮಶೀನಿನಾಗ ತೋರಸು, ಚನ್ನೇಶನ್ನ ನಾನ ಮನೀ ಮುಟ್ಟಸ್ತೇನಿ." ಇನ್ಸ್‌ಪೆಕ್ಟರ್ ಟೊಪ್ಪಿಗೆ ಹಾಕಿಕೊಂಡ. "ಸೋಮವಾರ ಅವ ಜೇಲಿನಾಗಿದ್ದ. ಹಂಗಾದ್ರ ಹೊರಗಿನವ್ರು ಯಾರೋ ಕೈ ಆಡಿಸ್ಯಾರ. ಯಾರಂತ ಗೊತ್ತಾದ್ರ ಹೇಳು. ಅವರ ಮ್ಯಾಲೂ ಒಂದು ಕೇಸು."

ಇನ್ಸ್‌ಪೆಕ್ಟರ್ ಹೊರಗೆ ಹೋಗಿ ವಿರೂಪಾಕ್ಷಪ್ಪನವರ ಜೊತೆ ಚಹಾಕ್ಕೆ ಕುಳಿತ. ಇಲ್ಲಿ ಉಳಿದದ್ದು ಮೂವರೇ.

ಸುನೀಲಕುಮಾರ ಕಂಪ್ಯೂಟರಿನ ಗುಂಡಿ ಒತ್ತಿದ. ಸೀಡಿ ಹಾಕುವ ತಟ್ಟೆ ಹೊರಗೆ ಚಾಚಿತು. ಖಾಲಿ. ಆದರೆ ಅದರ ಮೇಲೆ ಕೆಂಪಗೆ ಏನೋ ಅಂಟಿತ್ತು. ಕೊಟ್ರೇಶ ಬೆರಳಿಂದ ಒರೆಸಿ ಮೂಸಿ ನೋಡಿದ. ಮೆಣಸಿನ ಪುಡಿಯಲ್ಲ, ಕುಂಕುಮ. ಮೂಲೆಯಲ್ಲಿ ಅರಿಸಿನ ಹಚ್ಚಿದ ಒಂದು ಅಕ್ಕಿಕಾಳು ಸಿಕ್ಕಿಕೊಂಡಿತ್ತು.

ಸೀಡಿಗೆ ಪೂಜೆ ಮಾಡಿ ಹಾಕಿದವರು ಯಾರು?

"ಇದು ಸ್ನೇಹಾನ ಕೈ," ಸುನೀಲಕುಮಾರ ಪರದೆ ನೋಡುತ್ತಲೇ ಗೊಣಗಿದ. "ನನ್ನ ಹೇಣ್ತಿ ತಿದ್ದಿದ್ದು. ಹಳೇದನ್ನ ಸರಿ ಮಾಡಿ ಕೊಡೋಣು ಅಂತ ವರ್ಷಗಟ್ಲೆ ಜಗಳಾ ತಗದಿದ್ಳು. ಬ್ಯಾಡ ಅಂದಿದ್ದೆ."

ಕೊಟ್ರೇಶ ಅವನ ಮೊಬೈಲು ಕಸಿದುಕೊಂಡು ಸ್ನೇಹಾಳಿಗೆ ಫೋನ್ ಹಚ್ಚಿದ. ಅವಳು ಮೊದಲು ತಡವರಿಸಿದಳು, ಆಮೇಲೆ ಅಳುತ್ತ ಹೇಳಿದಳು.

"ನಾನ ತಿದ್ದಿದ್ದು, ಅಣ್ಣಾರ. ಇವರಿಗೆ ಗೊತ್ತಾಗದಂಗ. ಬ್ಯಾಡಗಿಗೆ ಬಂದಾಗ ಎರಡು ಸೀಡಿ ಕೊಟ್ಟು ಬಂದೆ, ಒಂದು ವಿರೂಪಾಕ್ಷಪ್ಪನವರದಕ್ಕ, ಒಂದು ಚಾಂದಸಾಬರದಕ್ಕ. 'ಹಾಕ್ರಿ, ಅಲಾರಂ ಗಟ್ಟಿಮುಟ್ಟ ಆಕ್ಕೈತಿ' ಅಂದೆ. ಯಾಕಂತ ಬಿಡಿಸಿ ಹೇಳ್ಲಿಲ್ಲ. ಹೇಳಿದ್ರ ನಮ್ಮವರ ಹೆಸರು ಕೆಡ್ತಿತ್ತು."

"ಯಾವಾಗ ಕೊಟ್ಟಿ, ತಂಗಿ?"

"ಅವರಾತ್ರಿ ಅಮಾಸಿಗಿಂತ ಮೊದಲ್ರಿ."

"ಯಾರ ಕೈಯಾಗ?"

"ಎರಡೂ ಚನ್ನೇಶಪ್ಪನ ಕೈಯಾಗ."

ಕೊಟ್ರೇಶ ತಿರುಗಿದ. ಶೀಲಾ ಗೋಡೆಗೆ ಒರಗಿ ಕುಕ್ಕರಿಸಿದ್ದಳು. ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

"ಜಗಲಿ ಮ್ಯಾಲಿಂದು," ಕೊಟ್ರೇಶ ಅಂದ. ಬೆಳಿಗ್ಗೆ ಕಿವಿಯ ಮೇಲೆ ಹಾಕಿಕೊಳ್ಳದೆ ಬಿಟ್ಟ ಮಾತು ಈಗ ತಾನಾಗಿ ಬಾಯಿಗೆ ಬಂತು.

"ಮನೀಗೆ ಏನು ಹೊಸಾದು ಬಂದ್ರೂ ಅಮಾಸಿ ತನಕ ಜಗಲಿ ಮ್ಯಾಲೆ ಇಡ್ತೀವಲ್ರಿ," ಶೀಲಾ ಬಿಕ್ಕುತ್ತ ಹೇಳಿದಳು. "ಪೂಜಿ ಆದಮ್ಯಾಲೆ ವಾಪರಸೂದು. ಆ ಎರಡು ಸೀಡಿನೂ ಇಟ್ರು. ಅಮಾಸಿ ದಿನ ಕುಂಕುಮ ಹಚ್ಚಿ, ಅಕ್ಕಿಕಾಳು ಹಾಕಿದ್ರು. ಮರುದಿನ ಒಯ್ಯಾವ್ರಿದ್ರು, ಗಡಿಬಿಡಿಯಾಗ ಮನಿಯಾಗ ಬಿಟ್ಟು ಹೋದ್ರು. ನಾಳೆ ಹಾಕಿದ್ರಾತು ಅಂದ್ರಂತ. ಆ ಮಧ್ಯಾಹ್ನನ ದುರಗಪ್ಪಣ್ಣ..."

ಮುಂದಿನದನ್ನು ಹೇಳುವುದು ಬೇಕಿರಲಿಲ್ಲ. ಚನ್ನೇಶ ಏಕೆ ಕೊರಳು ಚಾಚಿ ನಿಂತಿದ್ದ ಎಂಬುದು ಕೊಟ್ರೇಶನಿಗೆ ಕೊನೆಗೂ ತಿಳಿಯಿತು. ಅವನು ಅಲಾರಂ ಬಂದ್ ಮಾಡಿರಲಿಲ್ಲ. ಅಲಾರಂ ಬದುಕಿಸುವ ಮದ್ದನ್ನು ದೇವರ ಮುಂದೆ ಇಟ್ಟು ಮರೆತು ಬಂದಿದ್ದ. ಗೆಳೆಯ ಸತ್ತ ಮೇಲೆ ಆ ಎರಡರ ನಡುವೆ ಅವನಿಗೆ ವ್ಯತ್ಯಾಸವೇ ಕಾಣಲಿಲ್ಲ.

"ಹೋದ ವಾರ ಭೇಟಿಗೆ ಹೋದಾಗ ಹೇಳಿದ್ರು. 'ಎರಡೂ ಕಡೆ ಹಾಕಸ, ಇನ್ನೊಬ್ರು ಸಾಯಬಾರ್ದು, ಯಾರಿಗೂ ಹೇಳಬ್ಯಾಡ' ಅಂತ. ಅವರ ಅಂಗಿ ಅರಿವಿ ಒಯ್ಯಾಕ ಬಂದಾಗ ಇಲ್ಲಿಂದು ನಾನ ಹಾಕಿದೆ, ಕಂಪ್ಯೂಟರ್ ಕ್ಲಾಸಿಗೆ ಹೋದಾಕಿ ನಾನು. ಇದ ಅವರ ಸಾಕ್ಷಿ ಅಂತ ನನಗೇನು ಗೊತ್ತು, ಅಣ್ಣಾರ? ನನ್ನ ಕೈಯಾರ ನಾನ..."

"ಇನ್ನೊಂದು?" ಕೊಟ್ರೇಶ ಕೂಗಿದ. "ಚಾಂದಸಾಬರದು?"

"ಅತ್ತಿ ಮುಂಜಾನಿ ಉಡ್ಯಾಗ ಕಟಗೊಂಡು ಹೋಗ್ಯಾಳ. ಅಮಾಸಿ ಪೂಜಿ ಆದಕೂಡ್ಲೆ ಹಾಕಸ್ತೇನಿ ಅಂದಾಳ."

ಹಳೆಯ ಶೀತಲ ಉಳಿದಿದ್ದ ಯಂತ್ರ ಇನ್ನೊಂದೇ. ಚಾಂದಸಾಬರು ನಮಾಜು ಮಾಡುವವರಾದರೂ ಹಮಾಲರ ಅಮಾವಾಸ್ಯೆ ಪೂಜೆಗೆ ತಾವೇ ಕಾಯಿ ತರಿಸಿ ಕೊಡುತ್ತಿದ್ದರು. ಈ ಊರಿನಲ್ಲಿ ಅದು ನಡೆದುಬಂದ ಪದ್ಧತಿ. ಕೊಟ್ರೇಶ ಅವರ ಆಫೀಸಿಗೆ ಫೋನ್ ಹಚ್ಚಿದ. ಫೋನ್ ಹೊಡೆದುಕೊಳ್ಳುತ್ತಲೇ ಇತ್ತು. ಯಾರೋ ಎತ್ತಿದರು.

"ಯಾರ್ರಿ? ಚಾಂದಸಾಬರು ಪೂಜಿ ಪ್ರಸಾದ ಹಂಚಾಕತ್ತಾರ್ರಿ." ಮುದುಕಿಯ ದನಿ, ಚನ್ನೇಶನ ತಾಯಿಯದು.

"ದೇವವ್ವಾ? ನಾ ಕೊಟ್ರೇಶ, ಯವ್ವಾ. ಸೀಡಿ ಹಾಕ್ಯಾರೇನು?"

"ಇನ್ನ ಇಲ್ಲಪಾ. ಈಗ ಕಂಪ್ಯೂಟರ್ ಚಾಲೂ ಮಾಡ್ಯಾರ. ನನಗ ಅದೆಲ್ಲಾ ಬರಂಗಿಲ್ಲಂತ ಮಂಗಳವ್ವನ ಕೈಯಾಗ ಕೊಟ್ಟೇನಿ. ಇನ್ನೊಬ್ರ ಗಂಡ ಸಾಯಬಾರ್ದಂತ ತಾನ ಹಾಕ್ತೇನಿ ಅಂದ್ಳು. ಅವತ್ತಿಂದ ಇವತ್ತ ನೋಡು ನನ್ನ ಜೋಡಿ ಮಾತಾಡಿದ್ದು."

ಕೊಟ್ರೇಶ ಚೀರಿದ. "ಹಾಕಗೊಡಬ್ಯಾಡ! ಒಳಗಿದ್ದ ಹಮಾಲರನ್ನೆಲ್ಲಾ ಹೊರಗ ಕರೀರಿ, ಕಂಪ್ಯೂಟರಿಗೆ ಯಾರೂ ಕೈ ಹಚ್ಚಬ್ಯಾಡ್ರಿ. ಅದು ಹೆಂಗೈತಿ ಹಂಗ ಇರಬೇಕು. ನಿನ್ನ ಮಗನ್ನ ಬಿಡಿಸಾಕ ಉಳದಿದ್ದು ಅದೊಂದ ಯವ್ವಾ."

ಫೋನಿನಲ್ಲಿ ಮಾತಾಡಿ ರೂಢಿಯಿಲ್ಲದ ದೇವವ್ವ, ಕೇಳಿದ್ದನ್ನೆಲ್ಲ ಗಟ್ಟಿ ದನಿಯಲ್ಲಿ ತಿರುಗಿ ಹೇಳಿದಳು.

"ಏನಂದಿ? ಮಂಗಳವ್ವ ಅದನ್ನ ಹಾಕಿದ್ರ ನನ್ನ ಚನ್ನೇಶ ಬಿಡುಗಡಿ ಆಗಂಗಿಲ್ಲಾ?"

ಆಚೆ ಕಡೆ ಪೂಜೆಯ ಗದ್ದಲ ಒಮ್ಮೆಲೇ ಅಡಗಿತು.

"ಯವ್ವಾ, ಸಾವಕಾಶ ಮಾತಾಡು! ಅಕಿ ಎಲ್ಲಿದಾಳ?"

"ಇಲ್ಲೇ ಅದಾಳ. ನನ್ನ ಮಾರಿನ ನೋಡಾಕತ್ತಾಳ." ದೇವವ್ವನ ದನಿ ಬದಲಾಯಿತು. "ಮಂಗಳವ್ವಾ. ತಂಗೀ. ತಡಿಯವ್ವ. ನಿನ್ನ ಕಾಲು ಬೀಳ್ತೇನಿ, ತಡಿಯವ್ವ."

ಕೊಟ್ರೇಶ ಮೊಬೈಲನ್ನು ಕಿವಿಗೆ ಒತ್ತಿ ಹಿಡಿದಿದ್ದ. ಆಚೆಯಿಂದ ಕೇಳಿಬಂದದ್ದು, ಆಗಷ್ಟೇ ತನ್ನ ಪಕ್ಕದಲ್ಲೇ ಕೇಳಿದ್ದ ಆ ಸಣ್ಣ ಸದ್ದು: ಸೀಡಿಯ ತಟ್ಟೆ ಹೊರಗೆ ಚಾಚುವ ಸದ್ದು.